ಗಾಡಿ ಖರ್ಚು ಸೇರಿ

ಜಾತ್ರೆಗಿರಲಿ, ಗಣೇಶೋತ್ಸವಕ್ಕಿರಲಿ, ಕಾಲೇಜಿನ ವಾರ್ಷಿಕೋತ್ಸವಕ್ಕಿರಲಿ, ಮೈಕ್‌ಸೆಟ್‌ನವರನ್ನು ಗೊತ್ತು ಮಾಡುವ ಮಾತುಕತೆ ಹೆಚ್ಚುಕಡಿಮೆ ಒಂದೇ ರೀತಿ ನಡೆಯುತ್ತದೆ. ಎಷ್ಟು ಬಾಕ್ಸ್ ಹಾಕುತ್ತೀರಿ, ಎಷ್ಟು ಮೈಕ್ ಕೊಡುತ್ತೀರಿ, ಒಟ್ಟು ಎಷ್ಟಾಯಿತು ಎಂದು ಸಂಘಟಕರು ಕೇಳುತ್ತಾರೆ. ಹೇಳಿದ ಮೊತ್ತದಲ್ಲಿ ಒಂದಿಷ್ಟು ಚೌಕಾಸಿಯಾಗುತ್ತದೆ. ಕೊನೆಗೆ ‘ಗಾಡಿ ಖರ್ಚು ಸೇರಿಯೇ ತಾನೆ?’ ಎಂದು ಖಚಿತ ಮಾಡಿಕೊಳ್ಳುತ್ತಾರೆ. ಆ ಕಡೆಯಿಂದ ‘ಹೌದು, ಎಲ್ಲ ಸೇರಿ’ ಎಂಬ ಉತ್ತರ ಬರುತ್ತದೆ. ಗೋದಾಮಿನಿಂದ ಡಬ್ಬಿಗಳನ್ನು ಹೊತ್ತು ಗಾಡಿಗೆ ತುಂಬುವುದು, ಹಗ್ಗ ಬಿಗಿಯುವುದು, ನೂರಾರು ಕಿಲೋಮೀಟರ್ ದಾರಿ, ಮೈದಾನದಲ್ಲಿ ಇಳಿಸಿ ವೇದಿಕೆಗೆ ಏರಿಸುವುದು, ಕಾರ್ಯಕ್ರಮ ಮುಗಿದ ಮೇಲೆ ನಡುರಾತ್ರಿ ಅದೆಲ್ಲವನ್ನೂ ತಿರುಗಿ ಮಾಡುವುದು, ಇಷ್ಟೂ ಆ ಒಂದು ಮಾತಿನೊಳಗೆ ಮುಚ್ಚಿಹೋಗುತ್ತದೆ. ಬೆಲೆ ಕಟ್ಟದ ಕೆಲಸಕ್ಕೆ ಸಮಯವನ್ನೂ ಕೊಡುವುದಿಲ್ಲ, ಆಳನ್ನೂ ಕೊಡುವುದಿಲ್ಲ. ಕೇಳುಗರ ಕಿವಿಗೆ ಬೀಳುವ ಧ್ವನಿಯ ಒಳ್ಳೆಯದು ಕೆಟ್ಟದ್ದು ಬಹುಪಾಲು ರಸ್ತೆಯ ಮೇಲೆಯೇ ತೀರ್ಮಾನವಾಗಿರುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಆದ್ದರಿಂದ ಸಾಗಣೆಯನ್ನು ಧ್ವನಿ ವ್ಯವಸ್ಥೆಯ ಭಾಗವೆಂದೇ ಲೆಕ್ಕ ಹಿಡಿಯಬೇಕು, ಅದರ ಹಣ, ಹೊತ್ತು ಮತ್ತು ಜನವನ್ನು ಬೇರೆಯಾಗಿಯೇ ತೋರಿಸಬೇಕು.

ಒಂದು ಬೇಸ್ ಡಬ್ಬಿಯನ್ನೇ ಹತ್ತಿರದಿಂದ ನೋಡೋಣ. ಹದಿನೆಂಟು ಇಂಚಿನ ಎರಡು ಸ್ಪೀಕರ್ ಕೂಡಿಸಿದ ಪ್ಲೈವುಡ್ ಡಬ್ಬಿ ಸುಮಾರು 70-80 ಕಿಲೋ ತೂಗುತ್ತದೆ. ಇಬ್ಬರು ಹಿಡಿದರೂ ಸೊಂಟಕ್ಕೆ ಭಾರವೇ. ನೋಡುವುದಕ್ಕೆ ಕಲ್ಲಿನಂತೆ ಗಟ್ಟಿ. ಆದರೆ ಒಳಗೆ ತಂತಿ ಸುತ್ತಿದ ಕಾಯಿಲ್ ಒಂದು ಅಯಸ್ಕಾಂತದ ನಡುವಿನ ಕಿರುಸಂದಿಯಲ್ಲಿ ಹಿಂದೆ ಮುಂದೆ ಆಡುತ್ತಿರುತ್ತದೆ. ಅದರ ಎರಡೂ ಪಕ್ಕಕ್ಕೆ ಉಳಿಯುವ ಜಾಗ ಒಂದು ಮಿಲಿಮೀಟರಿಗಿಂತಲೂ ಕಡಿಮೆ. ಕಿಲೋಗಟ್ಟಲೆ ತೂಗುವ ಫೆರೈಟ್ ಅಯಸ್ಕಾಂತ ಅಂಟಿನ ಬಲದಲ್ಲಿ ನಿಂತಿರುತ್ತದೆ. ಇಳಿಸುವ ಆತುರದಲ್ಲಿ ಡಬ್ಬಿ ಅರ್ಧ ಅಡಿ ಎತ್ತರದಿಂದ ಕೈಜಾರಿ ನೆಲಕ್ಕೆ ಕುಕ್ಕರಿಸಿದರೆ ಹೊರಗಿನ ಬಣ್ಣಕ್ಕೂ ಪೆಟ್ಟಾಗದೆ ಒಳಗಿನ ಅಯಸ್ಕಾಂತ ಕೂದಲೆಳೆಯಷ್ಟು ಸರಿದುಬಿಡಬಹುದು. ಆಮೇಲೆ ಕಾಯಿಲ್ ಉಜ್ಜಲು ಶುರುವಾಗುತ್ತದೆ, ಮೃದಂಗದ ಗುಂಕಿಯ ಜೊತೆಗೇ ಒಂದು ಗೊರಗೊರ ಸದ್ದು ಹೊರಡುತ್ತದೆ. ಸಭೆಯಲ್ಲಿ ಕೂತವರು ಸೆಟ್ ಹಳೆಯದು ಎಂದುಕೊಳ್ಳುತ್ತಾರೆ, ಇಲ್ಲವೇ ಮಿಕ್ಸರ್ ಮುಂದೆ ಕೂತವನಿಗೆ ಕೆಲಸ ಗೊತ್ತಿಲ್ಲ ಎನ್ನುತ್ತಾರೆ. ತಪ್ಪು ನಡೆದದ್ದು ಗಾಡಿಯ ಹಿಂಬಾಗಿಲ ಹತ್ತಿರ, ನಾಲ್ಕು ಜನ ಬೇಕಾದ ಕಡೆ ಇಬ್ಬರೇ ಇದ್ದಾಗ. ಆಂಪ್ಲಿಫೈಯರ್ ಕಥೆಯೂ ಹೀಗೆಯೇ. ಟ್ರಾನ್ಸ್‌ಫಾರ್ಮರ್ ಇರುವ ಹಳೆಯ ಆಂಪ್ಲಿಫೈಯರನ್ನು ರ‍್ಯಾಕ್‌ನ ಮುಂಭಾಗಕ್ಕೆ ಮಾತ್ರ ಸ್ಕ್ರೂ ಹಾಕಿ, ಹಿಂದೆ ಆಧಾರ ಕೊಡದೆ ಒಯ್ದರೆ, ನಮ್ಮ ಹಳ್ಳಿ ರಸ್ತೆಗಳ ಹಂಪ್‌ಗಳ ಮೇಲೆ ಪ್ರತಿಸಲ ಹಾರಿ ಕೂತಾಗಲೂ ಅದರ ಇಡೀ ಭಾರ ಆ ನಾಲ್ಕು ಸ್ಕ್ರೂಗಳ ಮೇಲೆ ಬೀಳುತ್ತದೆ. ತಗಡು ಬಾಗುತ್ತದೆ, ಒಳಗಿನ ಬೆಸುಗೆ ಸಡಿಲವಾಗುತ್ತದೆ. ಒಂದೇ ಪ್ರಯಾಣದಲ್ಲಿ ಇದು ಕಾಣಿಸದು. ಇಪ್ಪತ್ತನೆಯ ಪ್ರಯಾಣದ ನಂತರ, ಹಾಡಿನ ನಡುವೆ ಒಂದು ಬದಿಯ ಧ್ವನಿ ಹೋದಾಗ ಕಾಣಿಸುತ್ತದೆ.

ಗಾಡಿ ತುಂಬುವುದಕ್ಕೂ ಒಂದು ವಿದ್ಯೆಯಿದೆ. ಭಾರದ ಬೇಸ್ ಡಬ್ಬಿಗಳು ಕೆಳಗೆ, ಕ್ಯಾಬಿನ್ ಕಡೆಗೆ, ಎಡಬಲ ಸಮತೂಕವಾಗಿ ಕೂರಬೇಕು. ಸ್ಪೀಕರಿನ ಮುಖ ಗಾಡಿಯ ಗೋಡೆಗೋ ಇನ್ನೊಂದು ಡಬ್ಬಿಯ ಮುಖಕ್ಕೋ ತಿರುಗಿರಬೇಕು. ಸ್ಟ್ಯಾಂಡಿನ ಕಬ್ಬಿಣದ ಕಾಲು ಜಾಲರಿಗೆ ತಗಲುವಂತಿರಬಾರದು. ನಡುವೆ ಹಳೆ ಕಂಬಳಿ, ಗೋಣಿಚೀಲ. ಮೈದಾನದಲ್ಲಿ ಮೊದಲು ಬೇಕಾಗುವುದು ಕೊನೆಗೆ ಒಳಗೆ ಹೋಗಬೇಕು. ಕರೆಂಟಿನ ಬೋರ್ಡು ಮತ್ತು ಕೇಬಲ್ ಪೆಟ್ಟಿಗೆ ಡಬ್ಬಿಗಳ ಅಡಿಯಲ್ಲಿ ಸಿಕ್ಕಿಕೊಂಡರೆ ಮೈದಾನದಲ್ಲಿ ಒಂದು ಗಂಟೆ ವ್ಯರ್ಥ. ಆ ಒಂದು ಗಂಟೆ ಸೌಂಡ್ ಚೆಕ್‌ಗೆ ಇಟ್ಟದ್ದಾಗಿರುತ್ತದೆ. ಕೇಬಲ್ ಸುತ್ತುವ ರೀತಿಯಲ್ಲೂ ಪ್ರಯಾಣದ ಎಚ್ಚರವಿದೆ. ಮೊಣಕೈಗೂ ಹೆಬ್ಬೆರಳಿಗೂ ನಡುವೆ ಬಿಗಿಯಾಗಿ ಸುತ್ತಿದ ಕೇಬಲ್ ಒಳಗೊಳಗೇ ತಿರುಚಿಕೊಂಡು ತಂತಿ ತುಂಡಾಗುತ್ತದೆ; ಒಂದು ಸುತ್ತು ಮೇಲೆ, ಮುಂದಿನದು ಕೆಳಗೆ ಬರುವಂತೆ ಸಡಿಲವಾಗಿ ಸುತ್ತಿದ್ದು ವರ್ಷಗಟ್ಟಲೆ ಬಾಳುತ್ತದೆ. ಇನ್ನು ಹವೆಯ ಮಾತು. ಚಳಿಗಾಲದ ರಾತ್ರಿ ಚಿಕ್ಕಮಗಳೂರಿನಲ್ಲಿ ತುಂಬಿದ ಗಾಡಿ ಘಾಟಿ ಇಳಿದು ಮಂಗಳೂರಿನ ಕಡೆ ಹೋದರೆ, ತಣ್ಣಗಾದ ಲೋಹದ ಮೇಲೆ ಕರಾವಳಿಯ ಹಸಿ ಗಾಳಿ ಹನಿಗಟ್ಟುತ್ತದೆ. ಪೆಟ್ಟಿಗೆ ತೆರೆದ ಕೂಡಲೇ ಕರೆಂಟು ಕೊಟ್ಟರೆ ಮಿಕ್ಸರಿಗೂ ಆಂಪ್ಲಿಫೈಯರಿಗೂ ಅಪಾಯ. ಸ್ವಲ್ಪ ಹೊತ್ತು ತೆರೆದಿಟ್ಟು, ಹವೆಗೆ ಹೊಂದಿಕೊಂಡ ಮೇಲೆ ಚಾಲೂ ಮಾಡಬೇಕು. ಇದನ್ನೆಲ್ಲ ಬಲ್ಲ ಹುಡುಗನನ್ನು ನಾವು ಡಬ್ಬಿ ಹೊರುವವನು ಎಂದಷ್ಟೇ ಗುರುತಿಸುತ್ತೇವೆ.

ಹೊರುವವರನ್ನು ಕಲೆಯ ಲೆಕ್ಕದೊಳಗೆ ಸೇರಿಸಿಕೊಳ್ಳುವುದು ನಮ್ಮ ನಾಡಿಗೆ ಹೊಸದೇನೂ ಅಲ್ಲ. ಕರಾವಳಿಯ ಯಕ್ಷಗಾನ ಮೇಳಗಳು ದೊಂದಿಯ ಬೆಳಕಿನ ಕಾಲದಲ್ಲಿ ಊರಿಂದೂರಿಗೆ ನಡೆದೇ ಹೋಗುತ್ತಿದ್ದವು. ವೇಷಭೂಷಣದ ಪೆಟ್ಟಿಗೆಗಳು ಆಳುಗಳ ತಲೆಯ ಮೇಲೆ ಸಾಗುತ್ತಿದ್ದವು. ಪೆಟ್ಟಿಗೆ ಹೊತ್ತವರು ಮೇಳದವರೇ. ಕಿರೀಟ ನೆನೆದರೆ, ಗೆಜ್ಜೆ ಕಾಣೆಯಾದರೆ ಆ ರಾತ್ರಿಯ ಆಟವೇ ಇಲ್ಲ ಎಂಬುದು ಭಾಗವತರಿಗೂ ಗೊತ್ತಿತ್ತು, ವೇಷಧಾರಿಗೂ ಗೊತ್ತಿತ್ತು. ಇಂದು ದೀಪಾವಳಿಯ ಆಸುಪಾಸಿನಿಂದ ಮೇ ತಿಂಗಳ ಪತ್ತನಾಜೆಯವರೆಗೆ ಸುಮಾರು ಆರು ತಿಂಗಳು ಮೇಳಗಳು ಇಂದು ಈ ಊರಲ್ಲಿ, ನಾಳೆ ಆ ಊರಲ್ಲಿ ಎಂದು ಬಯಲಾಟ ಆಡುತ್ತವೆ. ಭಾಗವತರಿಗೊಂದು ಮೈಕು, ಚೆಂಡೆ ಮದ್ದಳೆಗೆ ಮೈಕು, ವೇಷಧಾರಿಯ ಮಾತು ಹಿಡಿಯಲು ರಂಗಸ್ಥಳದ ಮುಂದೆಯೋ ಮೇಲೆಯೋ ಇನ್ನಷ್ಟು ಮೈಕು ಇರಲೇಬೇಕು. ಅಂದು ಪೆಟ್ಟಿಗೆಗೆ ಇದ್ದ ಸ್ಥಾನ ಇಂದು ಮೈಕ್‌ಸೆಟ್‌ಗೆ ಬಂದಿದೆ. ಪೆಟ್ಟಿಗೆ ಹೊತ್ತವನಿಗಿದ್ದ ಲೆಕ್ಕ ಮಾತ್ರ ಸೆಟ್ ಹೊತ್ತವನಿಗೆ ಸಿಕ್ಕಿಲ್ಲ.

ಇಷ್ಟರವರೆಗೆ ಹೇಳಿದ್ದು ಯಂತ್ರದ ಹಾನಿ. ಅದಕ್ಕಿಂತ ದೊಡ್ಡದು ಮನುಷ್ಯರ ಮಾತು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ತೆರೆದ ಬಯಲಿನಲ್ಲಿ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಧ್ವನಿವರ್ಧಕ ಬಳಸುವಂತಿಲ್ಲ. ಹಬ್ಬಹರಿದಿನಗಳಿಗಾಗಿ ವರ್ಷಕ್ಕೆ 15 ದಿನ ಮೀರದಂತೆ ನಡುರಾತ್ರಿಯವರೆಗೆ ಸಡಿಲಿಕೆ ಕೊಡಲು ರಾಜ್ಯ ಸರ್ಕಾರಕ್ಕೆ ಅವಕಾಶವಿದೆ. ನಿಯಮ ಒಳ್ಳೆಯದೇ, ಮಲಗುವ ಮಗುವಿಗೂ ಕಾಯಿಲೆಯವರಿಗೂ ಅದು ಬೇಕು. ಆದರೆ ಹತ್ತು ಗಂಟೆಗೆ ಹಾಡು ನಿಂತಾಗ ಸೌಂಡ್ಸ್‌ನವರ ದಿನದ ಅತಿ ಭಾರದ ಕೆಲಸ ಶುರುವಾಗುತ್ತದೆ. ಬೆಳಗ್ಗೆಯಿಂದ ದುಡಿದ ಅದೇ ಕೈಗಳು ಕೇಬಲ್ ಸುತ್ತಿ, ಡಬ್ಬಿ ಇಳಿಸಿ, ಗಾಡಿ ತುಂಬುವ ಹೊತ್ತಿಗೆ ಹನ್ನೆರಡೋ ಒಂದೋ ಆಗಿರುತ್ತದೆ. ನಾಳೆ ಇನ್ನೊಂದೂರಿನಲ್ಲಿ ಕಾರ್ಯಕ್ರಮವಿದ್ದರೆ ಅಲ್ಲಿಂದ ನೇರವಾಗಿ ರಸ್ತೆಗೆ. ನಡುರಾತ್ರಿಯಿಂದ ಬೆಳಗಿನ ಜಾವದವರೆಗಿನ ಹೊತ್ತು ದೇಹಕ್ಕೆ ನಿದ್ದೆ ಒತ್ತಿ ಬರುವ ಹೊತ್ತು. ಹಗಲೆಲ್ಲ ಸ್ಟ್ಯಾಂಡ್ ಏರಿಸಿದವನೇ ರಾತ್ರಿ ಸ್ಟಿಯರಿಂಗ್ ಹಿಡಿಯುವುದು ಈ ವೃತ್ತಿಯಲ್ಲಿ ಅಪರೂಪವಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆಯ ದುಡಿಮೆಯ ಮಿತಿ ಹಾಕಿತ್ತು. 1988ರ ಮೋಟಾರು ವಾಹನ ಕಾಯ್ದೆಯೂ ಅದೇ ಮಿತಿಯನ್ನು ಎತ್ತಿಹಿಡಿಯುತ್ತದೆ. ಹಬ್ಬದ ಸೀಸನ್ನಿನಲ್ಲಿ ಈ ಲೆಕ್ಕ ಯಾರೂ ನೋಡುವುದಿಲ್ಲ. ಕ್ಯಾಬಿನ್ನಿನಲ್ಲಿ ಜಾಗ ಸಾಲದೆ ಹುಡುಗರು ಡಬ್ಬಿಗಳ ನಡುವೆ, ಟಾರ್ಪಾಲಿನ ಅಡಿಯಲ್ಲಿ ಮಲಗಿಕೊಂಡು ಬರುತ್ತಾರೆ. 80 ಕಿಲೋ ಡಬ್ಬಿ ಒಂದು ತಿರುವಿನಲ್ಲಿ ಸರಿದರೆ ಏನಾಗುತ್ತದೆಂದು ವಿವರಿಸಬೇಕಿಲ್ಲ. ಹದಿನಾಲ್ಕು ಹೇರ್‌ಪಿನ್ ತಿರುವುಗಳ ಆಗುಂಬೆ ಘಾಟಿಯನ್ನು ಹಗಲಲ್ಲಿ ದಾಟುವವರಿಗೂ ಆ ಭಯ ಅರ್ಥವಾಗುತ್ತದೆ.

ಈಗ ಆಕ್ಷೇಪಗಳಿಗೆ ಬರೋಣ. ಮೊದಲನೆಯದು: ಸಲಕರಣೆ ಈಗ ಹಗುರವಾಗಿದೆಯಲ್ಲ, ಇನ್ನೇಕೆ ಈ ಮಾತು? ಹಗುರವಾದದ್ದು ನಿಜ. ನಿಯೋಡಿಮಿಯಂ ಅಯಸ್ಕಾಂತದ ಸ್ಪೀಕರುಗಳು ಬಂದವು, ದೊಡ್ಡ ಟ್ರಾನ್ಸ್‌ಫಾರ್ಮರ್ ಬೇಡದ ಆಂಪ್ಲಿಫೈಯರುಗಳು ಬಂದವು. ನಾಲ್ಕು ಜನ ಎತ್ತಬೇಕಿದ್ದ ಅನಲಾಗ್ ಮಿಕ್ಸರಿನ ಕೆಲಸವನ್ನು ಇಪ್ಪತ್ತು ಕಿಲೋ ಆಸುಪಾಸಿನ ಡಿಜಿಟಲ್ ಮಿಕ್ಸರ್ ಮಾಡುತ್ತದೆ. ಹಾವಿನಂತೆ ದಪ್ಪನೆಯ ಮಲ್ಟಿಕೋರ್ ಕೇಬಲ್ಲಿನ ಜಾಗಕ್ಕೆ ಕಂಪ್ಯೂಟರ್ ನೆಟ್‌ವರ್ಕಿನ ಸಣ್ಣ ತಂತಿ ಬಂದಿದೆ. 1986ರಲ್ಲಿ ಬಂದ ಟಾಟಾ 407, 2005ರಲ್ಲಿ ಬಂದ ಟಾಟಾ ಏಸ್ ಇಂಥ ಗಾಡಿಗಳು ಸಣ್ಣ ಊರಿನ ಮೈಕ್‌ಸೆಟ್‌ನವರಿಗೂ ಕೈಗೆಟುಕಿದವು. ಆದರೆ ಭಾರ ಇಳಿದಂತೆ ಬೇಡಿಕೆ ಏರಿತು. ಎರಡು ಹಾರ್ನ್ ಸಾಕಾಗುತ್ತಿದ್ದ ಊರಹಬ್ಬಕ್ಕೆ ಈಗ ಸಾಲು ಸಾಲು ಬೇಸ್ ಬೇಕು, ಮೇಲೆ ತೂಗುಹಾಕುವ ಲೈನ್ ಅರೇ ಬೇಕು, ಕಲಾವಿದರ ಮುಂದೆ ಮಾನಿಟರ್ ಬೇಕು. ಒಂದೊಂದು ಡಬ್ಬಿ ಹಗುರ, ಒಟ್ಟು ಗಾಡಿ ಭಾರ. ಇನ್ನೊಂದು ಸಂಗತಿಯೂ ಇದೆ. ಹಗುರವಾದ ಸಲಕರಣೆ ನಾಜೂಕಾದ ಸಲಕರಣೆ. ಹಳೆಯ ಆಂಪ್ಲಿಫೈಯರನ್ನು ಊರ ರಿಪೇರಿಯವನು ಬೆಸುಗೆ ಹಾಕಿ ಸರಿಮಾಡುತ್ತಿದ್ದ. ಡಿಜಿಟಲ್ ಮಿಕ್ಸರಿಗೆ ನೀರು ಬಿದ್ದರೆ ಆ ರಾತ್ರಿ ಮಾಡುವುದಕ್ಕೆ ಏನೂ ಇರುವುದಿಲ್ಲ. ಎಚ್ಚರ ಕಡಿಮೆ ಮಾಡುವ ಕಾಲ ಇದಲ್ಲ.

ಎರಡನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ದೂರದಿಂದ ಹೊತ್ತು ತರುವುದೇಕೆ, ಆಯಾ ಊರಿನವರದನ್ನೇ ಬಳಸಬಹುದಲ್ಲ? ಸಭಾಂಗಣಗಳಲ್ಲಿ ಸ್ಥಿರವಾದ ವ್ಯವಸ್ಥೆಯನ್ನೇ ಇಟ್ಟರೆ ಸಾಗಣೆಯೇ ತಪ್ಪುತ್ತದಲ್ಲ? ಸಾಧ್ಯವಿರುವಲ್ಲಿ ಖಂಡಿತ ಹಾಗೆ ಮಾಡಬೇಕು. ಡೀಸೆಲ್ ಉಳಿಯುತ್ತದೆ, ಊರಿನ ಮೈಕ್‌ಸೆಟ್‌ನವರ ಹೊಟ್ಟೆಯೂ ತುಂಬುತ್ತದೆ. ಆದರೆ ನಮ್ಮ ಕಾರ್ಯಕ್ರಮಗಳು ಬಹುಪಾಲು ನಡೆಯುವುದು ಗದ್ದೆಯಲ್ಲಿ, ದೇವಸ್ಥಾನದ ಅಂಗಳದಲ್ಲಿ, ಬೀದಿಯ ಪೆಂಡಾಲಿನಲ್ಲಿ, ಶಾಲೆಯ ಮೈದಾನದಲ್ಲಿ. ಅಲ್ಲಿ ಸ್ಥಿರವಾದದ್ದು ನೆಲ ಮಾತ್ರ. ಜೊತೆಗೆ ಸಂಚಾರ ಮಾಡುವ ತಂಡಕ್ಕೆ ತನ್ನ ಧ್ವನಿ ತನಗೆ ಗೊತ್ತಿರಬೇಕಾಗುತ್ತದೆ. ಭಾಗವತರ ಏರುಶ್ರುತಿಗೆ ಎಲ್ಲಿ ಮೈಕು ಕೂಗುತ್ತದೆ, ಚೆಂಡೆಯ ಪೆಟ್ಟಿಗೆ ಎಷ್ಟು ತಗ್ಗಿಸಬೇಕು ಎಂಬುದು ತಿಂಗಳುಗಟ್ಟಲೆ ಒಂದೇ ಸೆಟ್‌ನೊಂದಿಗೆ ದುಡಿದವನಿಗೆ ಕೈಯಲ್ಲೇ ಇರುತ್ತದೆ. ದೂರ ಕಡಿಮೆಯಾದರೂ ಹೊರುವುದು ತಪ್ಪುವುದಿಲ್ಲ. ಪಕ್ಕದ ಬೀದಿಯಿಂದ ತಂದರೂ ಡಬ್ಬಿ ಅಷ್ಟೇ ತೂಗುತ್ತದೆ, ಕೈಜಾರಿದರೆ ಅಷ್ಟೇ ಹಾಳಾಗುತ್ತದೆ.

ಮೂರನೆಯದು ಹಣದ ಮಾತು. ಚಂದಾ ಎತ್ತಿ ಹಬ್ಬ ಮಾಡುವ ಯುವಕ ಸಂಘಕ್ಕೆ ಸಾಗಣೆಯ ಬೇರೆ ಲೆಕ್ಕ ಕಟ್ಟುವ ಶಕ್ತಿ ಎಲ್ಲಿದೆ? ಅದು ಮಾಲೀಕನ ವ್ಯವಹಾರ, ಅವನೇ ಸಂಭಾಳಿಸಿಕೊಳ್ಳಲಿ ಎನ್ನುವವರಿದ್ದಾರೆ. ಅವರ ಕಷ್ಟ ಸುಳ್ಳಲ್ಲ. ಆದರೆ ಬೇರೆ ಲೆಕ್ಕ ಎಂದರೆ ಹೆಚ್ಚುವರಿ ಲೆಕ್ಕ ಎಂದೇ ಆಗಬೇಕಿಲ್ಲ. ಒಟ್ಟು ಮೊತ್ತದೊಳಗೆ ಸಾಗಣೆಯ ಖರ್ಚು ಈಗಲೂ ಇದೆ, ಕಣ್ಣಿಗೆ ಬೀಳುವುದಿಲ್ಲ ಅಷ್ಟೇ. ಚೌಕಾಸಿಯಲ್ಲಿ ಮೊತ್ತ ಇಳಿದಾಗ ಸಂಘಟಕರು ಕಣ್ಣಿಟ್ಟಿರುವುದು ಡಬ್ಬಿಗಳ ಎಣಿಕೆಯ ಮೇಲೆ; ಅದರಲ್ಲಿ ಒಂದು ಕಡಿಮೆಯಾದರೂ ಗೊತ್ತಾಗಿಬಿಡುತ್ತದೆ. ಆದ್ದರಿಂದ ಕಡಿತ ಬೀಳುವುದು ಕಾಣದ ಕಡೆಗೆ. ನಾಲ್ಕು ಹುಡುಗರು ಬರಬೇಕಾದಲ್ಲಿ ಇಬ್ಬರು ಬರುತ್ತಾರೆ, ಬೇರೆ ಡ್ರೈವರ್ ಬದಲು ಮಾಲೀಕನೇ ಗಾಡಿ ಓಡಿಸುತ್ತಾನೆ, ಎರಡು ಗಾಡಿಯ ಸಾಮಾನು ಒಂದರಲ್ಲೇ ಸೇರುತ್ತದೆ. ಸಾಗಣೆ ಬಿಲ್ಲಿನಲ್ಲಿ ಒಂದು ಸಾಲಾಗಿ ನಿಂತರೆ, ಏನನ್ನು ಕಡಿಮೆ ಮಾಡುತ್ತಿದ್ದೇವೆ ಎಂಬುದು ಕೊಡುವವರಿಗೂ ತೆಗೆದುಕೊಳ್ಳುವವರಿಗೂ ತಿಳಿಯುತ್ತದೆ. ಹಣ ಸಾಲದಿದ್ದರೆ ಎರಡು ಬೇಸ್ ಕಡಿಮೆ ಹಾಕಿಸಿ. ಇನ್ನೂರು ಜನ ಕೂರುವ ಅಂಗಳಕ್ಕೆ ಅದರಿಂದ ಏನೂ ಕೊರತೆಯಾಗದು, ಮಾತು ಇನ್ನಷ್ಟು ಸ್ಪಷ್ಟವಾಗಿ ಕೇಳಿಸೀತು. ಇಬ್ಬರು ಹುಡುಗರನ್ನು ಕಡಿಮೆ ಮಾಡಿದರೆ ಮಾತ್ರ ಉಳಿದವರ ಬೆನ್ನು ಮುರಿಯುತ್ತದೆ. ದುಡ್ಡೇ ಬೇಡದ ನೆರವೂ ಬೇಕಾದಷ್ಟಿದೆ. ಗಾಡಿ ವೇದಿಕೆಯ ಬುಡದವರೆಗೆ ಬರುವಂತೆ ದಾರಿ ಬಿಡುವುದು, ಇಳಿಸುವ ಹೊತ್ತಿಗೆ ಸಂಘದ ನಾಲ್ಕು ಜನ ಕೈಕೊಡುವುದು, ಕಾರ್ಯಕ್ರಮ ಮುಗಿದ ಕೂಡಲೇ ದೀಪ ಆರಿಸದೆ ಗಾಡಿ ತುಂಬುವವರೆಗೆ ಉರಿಸುವುದು, ಇವಕ್ಕೆ ಯಾವ ಚಂದಾವೂ ಬೇಡ.

ಹಬ್ಬದ ಸಮಿತಿಗಳಲ್ಲಿ, ಕಲಾಸಂಘಗಳಲ್ಲಿ, ಕಾಲೇಜುಗಳಲ್ಲಿ ಕಾರ್ಯಕ್ರಮ ನಡೆಸುವವರಲ್ಲಿ ನನ್ನ ವಿನಂತಿ ಇಷ್ಟು. ಸೌಂಡ್ ಗೊತ್ತು ಮಾಡುವಾಗ ಎಷ್ಟು ಬಾಕ್ಸ್ ಎಂದು ಕೇಳುವ ಮೊದಲು ಎಷ್ಟು ಜನ ಬರುತ್ತೀರಿ, ಗಾಡಿ ಯಾರು ಓಡಿಸುತ್ತಾರೆ, ನಾಳೆ ಎಲ್ಲಿಗೆ ಹೋಗಬೇಕು ಎಂದು ಕೇಳಿ. ದೂರದ ದಾರಿಯಿದ್ದರೆ ಓಡಿಸುವವನಿಗೆ ಊಟ ಹಾಕಿ, ಶಾಲೆಯ ಒಂದು ಕೋಣೆಯಲ್ಲಿ ಚಾಪೆ ಹಾಸಿಕೊಡಿ, ಬೆಳಕು ಹರಿದ ಮೇಲೆ ಹೊರಡಿ ಎಂದು ಹೇಳಿ. ಬಿಲ್ಲಿನಲ್ಲಿ ಸಾಗಣೆ ಎಂಬ ಸಾಲು ಕಂಡರೆ ಅದನ್ನು ಹೊಡೆದುಹಾಕಬೇಡಿ. ವೇದಿಕೆಯಲ್ಲಿ ಕಲಾವಿದರಿಗೆ ಶಾಲು ಹೊದಿಸುವ ಹೊತ್ತಿಗೆ ಮೈದಾನದ ಹಿಂಬದಿಯಲ್ಲಿ ಖಾಲಿ ಗಾಡಿಯೊಂದು ನಿಂತಿರುತ್ತದೆ. ಅದನ್ನು ತುಂಬಿಕೊಂಡು ಹೋಗುವವರು ಸುರಕ್ಷಿತವಾಗಿ ಮನೆ ಸೇರಿದ ಮೇಲೆಯೇ ನಿಮ್ಮ ಕಾರ್ಯಕ್ರಮ ಮುಗಿಯಿತು ಎಂದು ತಿಳಿಯಿರಿ.