ಎದುರು ಮನೆಯ ಹಂಡೆ

ಅವ್ವ ಬಚ್ಚಲಲ್ಲಿ ಜಾರಿಬಿದ್ದ ಸುದ್ದಿ ನಮಗೆ ತಿಳಿದದ್ದು ನಾಲ್ಕು ದಿನದ ಮೇಲೆ, ಅದೂ ಎದುರು ಮನೆಯ ಅಕ್ಕನ ಬಾಯಿಂದ. ಬಿದ್ದವಳು ತಾನೇ ಎದ್ದು, ಮೊಣಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಸುಮ್ಮನಿದ್ದಳು. ಕೇಳಿದ್ದಕ್ಕೆ, "ಹೇಳಿದ್ರೆ ಬಚ್ಚಲು ಒಡೆಸ್ತೀಯ ಅಂತ ಗೊತ್ತಿತ್ತು. ಸುಮ್ನೆ ದುಡ್ಡು ದಂಡ" ಎಂದಳು.

ಅಪ್ಪ ಇದ್ದಾಗ ಕಟ್ಟಿಸಿದ ಬಚ್ಚಲು ಅದು. ಆರು ಅಡಿ ಉದ್ದ, ಐದು ಅಡಿ ಅಗಲ. ನೆಲಕ್ಕೆ ಕಲ್ಲಿನ ಚಪ್ಪಡಿ, ಸಂದಿನಲ್ಲಿ ಪಾಚಿ, ಮೂಲೆಯ ಒಲೆಯ ಮೇಲೆ ಗಾರೆಯಲ್ಲಿ ಕೂರಿಸಿದ ತಾಮ್ರದ ಹಂಡೆ. ಬಸವಾಪಟ್ಟಣದ ಸುತ್ತ ಅಡಿಕೆ ತೋಟಗಳಿರುವುದರಿಂದ ಉರುವಲಿಗೆ ನಮ್ಮಲ್ಲಿ ಬರವಿಲ್ಲ. ಸುಲಿದ ಸಿಪ್ಪೆ, ತೆಂಗಿನ ಮಟ್ಟೆ ಹಿತ್ತಿಲಲ್ಲಿ ಬಿದ್ದೇ ಇರುತ್ತವೆ. ಪಾಯಿಖಾನೆಯೂ ಹಿತ್ತಿಲಿನಲ್ಲೇ, ಮೂರು ಮೆಟ್ಟಿಲು ಇಳಿದು ಹೋಗಬೇಕು. ಮಂಡಿ ನೋವಿನ ಅವ್ವ ಆ ಮೆಟ್ಟಿಲಿಗೆ ಹೆದರಿ ಸಂಜೆಯಾದ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಿದ್ದಳೆಂಬುದು ಈ ಗಲಾಟೆಯಲ್ಲಿ ಹೊರಬಿತ್ತು. ಒಂದೇ ಸೂರಿನಡಿ ಇದ್ದು ಇದನ್ನು ಗಮನಿಸದ ನನ್ನ ಬಗ್ಗೆ ಹೆಚ್ಚು ಹೇಳದಿರುವುದೇ ವಾಸಿ.

ದಾವಣಗೆರೆಯಿಂದ ಬಂದ ಗುತ್ತಿಗೆದಾರನೊಬ್ಬ ಬಚ್ಚಲನ್ನು ಬಾಗಿಲಲ್ಲೇ ನಿಂತು ನೋಡಿ, ಒಂದೂವರೆ ಲಕ್ಷ ಎಂದ. ನನ್ನ ಕೈಯಲ್ಲಿದ್ದದ್ದು 35,000. 2014ರಲ್ಲಿ ಶುರುವಾದ ಸ್ವಚ್ಛ ಭಾರತದ 12,000 ರೂಪಾಯಿ ಪಾಯಿಖಾನೆಯೇ ಇಲ್ಲದ ಮನೆಗಳಿಗೆ. ನಮ್ಮದು ಇದೆಯಲ್ಲ, ಮೂರು ಮೆಟ್ಟಿಲ ಕೆಳಗೆ! ನಮ್ಮ ತಾಲ್ಲೂಕಿನ ಸಂತೆಬೆನ್ನೂರಿನಲ್ಲಿ ಕೆಂಗ ಹನುಮಪ್ಪ ನಾಯಕ ಕಟ್ಟಿಸಿದ ಪುಷ್ಕರಿಣಿಯನ್ನು ನೀವು ನೋಡಿರಬಹುದು. ಸುತ್ತ ಕಲ್ಲಿನ ಮೆಟ್ಟಿಲು, ನಡುನೀರಿನಲ್ಲಿ ಮಂಟಪ. ಪಾಳೆಯಗಾರರಿಗೆ ಬಿಡಿ, ನೀರಿನ ಕೆಲಸಕ್ಕೆ ಯಾರ ಹತ್ತಿರವೂ ರೇಟು ಕೇಳಬೇಕಾಗಿರಲಿಲ್ಲ.

ಕೊನೆಗೆ ಒದಗಿದವರು ಊರಿನ ಮೇಸ್ತ್ರಿಯೇ. ಬಂದವರು ಟೇಪು ತೆಗೆಯಲಿಲ್ಲ. ಒಂದು ಚೊಂಬು ನೀರು ಇಸಿದುಕೊಂಡು ನೆಲಕ್ಕೆ ಸುರಿದು, ಅದು ಎಲ್ಲಿಗೆ ಹೋಗುತ್ತದೆಂದು ನೋಡುತ್ತ ಕುಕ್ಕರಗಾಲಲ್ಲಿ ಕೂತರು. "ಇಳಿಜಾರೇ ಉಲ್ಟಾ ಐತೆ ಸಾರ್. ನೀರು ಒಲೆ ಹತ್ರ ನಿಂತ್ಕೊಳ್ತೈತೆ. ಅದಕ್ಕೇ ಪಾಚಿ." ಗೋಡೆಗೆ ಮೇಲಿನತನಕ ಟೈಲ್ಸ್ ಬೇಡ, ನಾಲ್ಕು ಅಡಿ ಸಾಕು, ದುಡ್ಡು ನೆಲಕ್ಕೆ ಹಾಕಿ ಎಂದರು. ಅಡಿಗೆ ಕಾಲು ಇಂಚಿನಂತೆ ಇಳಿಜಾರು, ನೆಲಕ್ಕೆ ಹೊಳೆಯುವ ಟೈಲ್ಸ್ ಅಲ್ಲ, ತರಿತರಿಯಾದದ್ದು. ಕಮೋಡು ಹಿತ್ತಿಲ ಗೋಡೆಗೆ ಹತ್ತಿಸಿ ಕೂರಿಸಿದರೆ ಹಳೆಯ ಗುಂಡಿಗೇ ಪೈಪು ಸೇರುತ್ತದೆ, ಆ ಖರ್ಚೂ ಉಳಿಯಿತು.

ಹಿಡಿಕೆಯ ವಿಷಯದಲ್ಲಿ ಅವರು ಮಾಡಿದ್ದನ್ನು ನಾನು ಮರೆಯುವಂತಿಲ್ಲ. ಅವ್ವನನ್ನು ಕರೆದು, ಬಚ್ಚಲಲ್ಲೇ ಕುರ್ಚಿ ಹಾಕಿ ಕೂರಿಸಿ, "ಈಗ ಏಳಿ ದೊಡ್ಡವ್ವ" ಎಂದರು. ಏಳುವಾಗ ಅವಳ ಕೈ ಗೋಡೆಯಲ್ಲಿ ಎಲ್ಲಿಗೆ ಹೋಯಿತೋ ಅಲ್ಲೊಂದು ಸೀಮೆಸುಣ್ಣದ ಗುರುತು. ಬೋಲ್ಟು ಗಿಲಾವಿನಲ್ಲಿ ನಿಲ್ಲದೆ ಇಟ್ಟಿಗೆಯೊಳಕ್ಕೇ ಹೋಗಬೇಕೆಂದು ತಾವೇ ನಿಂತು ಕೊರೆದರು. ಗೋಡೆಗೆ ಒಂಬತ್ತು ಟೈಲ್ಸ್ ಕಡಿಮೆ ಬಿದ್ದಾಗ ಮರುದಿನ ಬೆಳಿಗ್ಗೆ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ನೀಲಿಯವು ತಂದರು. "ಮನೇಲಿ ಜಾಗ ತಿಂತಾ ಬಿದ್ದಿದ್ವು. ತಗೊಂಡ್ರೆ ನಮಗೇ ಉಪಕಾರ." ಬಿಳಿ ಗೋಡೆಯಲ್ಲಿ ಆ ನೀಲಿ ಸಾಲು ಈಗಲೂ ಎದ್ದು ಕಾಣುತ್ತದೆ. ಮೊದಮೊದಲು ಕಣ್ಣಿಗೆ ಚುಚ್ಚುತ್ತಿತ್ತು.

ಕೆಲಸ ಒಂಬತ್ತು ದಿನ ನಡೆಯಿತು. ನಾವು ಹಿತ್ತಿಲ ನಲ್ಲಿಯ ಹತ್ತಿರ ಎರಡು ಕಂಬಕ್ಕೆ ದುಪ್ಪಟಿ ಕಟ್ಟಿ ಹೇಗೋ ಸುಧಾರಿಸಿದೆವು. ಅವ್ವನನ್ನು ಏನು ಮಾಡುವುದು? ಇನ್ನೊಬ್ಬರ ಮನೆಯಲ್ಲಿ ಸ್ನಾನ ಮಾಡುವುದೆಂದರೆ ಅವಳಿಗೆ ಸಾಲ ಎತ್ತಿದ ಹಾಗೆ. ಮೊದಲ ದಿನವೇ ಎದುರು ಮನೆಯ ಅಕ್ಕ ಬಾಗಿಲಲ್ಲಿ ನಿಂತು, "ದೊಡ್ಡವ್ವ, ನಮ್ಮ ಹಂಡೆ ತುಂಬ ಕಾದೈತೆ. ಒಬ್ಬಳಿಗೋಸ್ಕರ ಅಷ್ಟು ನೀರು ದಂಡ ಆಗ್ತೈತೆ, ಬರ್ರಿ" ಎಂದು ಕರೆದಳು. ದಂಡ ಎಂಬ ಮಾತು ಅವ್ವನಿಗೆ ನಾಟಿತು. ಟವಲು ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟಳು. ಒಂಬತ್ತು ದಿನವೂ ಅದೇ ಮಾತು, ಅದೇ ಟವಲು.

ಏಳನೆಯ ದಿನವಿರಬೇಕು, ಮಳೆ ಹನಿಯುತ್ತಿತ್ತೆಂದು ಕೊಡೆ ಹಿಡಿದು ಅವ್ವನನ್ನು ಕರೆತರಲು ಹೋದೆ. ಅಕ್ಕ ಹಿತ್ತಿಲಲ್ಲಿ ಒದ್ದೆಯಾದ ಅಡಿಕೆ ಸಿಪ್ಪೆ ಊದುತ್ತ, ಹೊಗೆಗೆ ಕಣ್ಣು ಒರೆಸಿಕೊಳ್ಳುತ್ತ ಕೂತಿದ್ದಳು. ಒಳಗೆ ಅವರ ಬಚ್ಚಲ ಗೋಡೆಯಲ್ಲಿ ಬಿಳಿಯ ಗೀಸರು. ಅದು ಬಂದು ಮೂರು ವರ್ಷವಾಯಿತಂತೆ; ಅವರ ಮಗನೇ ಹೇಳಿದ. ಅಟ್ಟದಲ್ಲಿದ್ದ ಹಂಡೆಯನ್ನು ಇಳಿಸಿದ್ದೇ ಅವ್ವನಿಗಾಗಿ. ಅಕ್ಕ ನನ್ನನ್ನು ನೋಡಿ, ಬಾಯಿಗೆ ಬೆರಳಿಟ್ಟು ಸುಮ್ಮನಿರುವಂತೆ ಸನ್ನೆ ಮಾಡಿದಳು.

ಒಟ್ಟು ಖರ್ಚು 38,400 ಆಯಿತು. ಒಂದು ಮೂಲೆಯಲ್ಲಿ ಈಗಲೂ ಅಂಗೈಯಷ್ಟು ನೀರು ನಿಲ್ಲುತ್ತದೆ. ನಮ್ಮ ಹಂಡೆಯನ್ನು ಮಾರಲು ಅವ್ವ ಬಿಡಲಿಲ್ಲ. ಹೊಸ ಬಚ್ಚಲಲ್ಲಿ ಮೊದಲ ಸ್ನಾನ ಮುಗಿಸಿ ಬಂದವಳಿಗೆ, ತಡೆಯಲಾರದೆ, ಎದುರು ಮನೆಯ ಗೀಸರಿನ ವಿಷಯ ಹೇಳಿಬಿಟ್ಟೆ.

ಅವ್ವ ತಲೆ ಒರೆಸಿಕೊಳ್ಳುತ್ತಲೇ ಇದ್ದಳು. "ಮೊದಲ್ನೇ ದಿನಾನೇ ಗೊತ್ತಾತು. ತೊಳೆದ ಹುಣಸೇಹಣ್ಣಿನ ನಾರು ಇನ್ನೂ ಹಂಡೆ ಅಂಚಿಗೇ ಅಂಟ್ಕೊಂಡಿತ್ತು. ನನಗೆ ಗೊತ್ತೈತೆ ಅಂತ ಆಕೀಗೆ ಹೇಳ್ಬೇಡ."

ಆಮೇಲೆ, ಕುಡಿಯಲು ಒಂದು ಲೋಟ ನೀರು ಕೇಳಿದಳು. ಹೊತ್ತು ಮುಳುಗಿ ಆಗಲೇ ದೀಪ ಹಚ್ಚಿತ್ತು.