ಗಾಣ ನಿಂತ ಬಗೆ

ಸವಣೂರು ತಾಲೂಕಿನ ಹತ್ತಿಮತ್ತೂರಿನಲ್ಲಿ ನಮ್ಮ ತೀರ್ಥರೂಪರು ನಡೆಸುತ್ತಿದ್ದ ಎಣ್ಣೆಯ ಗಾಣವು ನಿಂತು ಇಪ್ಪತ್ತೈದು ವರ್ಷಗಳು ಸಂದವು. ಗಾಣವಿದ್ದ ಜಾಗೆಯಲ್ಲಿ ಈಗ ಗೋವಿನಜೋಳದ ಚೀಲಗಳನ್ನು ಒಟ್ಟಿದ್ದಾರೆ. ಕಳೆದ ದೀಪಾವಳಿಗೆ ಊರಿಗೆ ಹೋದಾಗ ನಮ್ಮ ತಮ್ಮನ ಮಗನು ಆ ಚೀಲಗಳ ಮೇಲೆಯೇ ನಮ್ಮನ್ನು ಕುಳ್ಳಿರಿಸಿ, “ದೊಡ್ಡಪ್ಪಾರ, ಇಲ್ಲೇ ಮತ್ತ ಮರದ ಗಾಣ ಹಾಕಬೇಕಂತ ಮಾಡೇನಿ. ಬ್ಯಾಂಕಿನವರು ಹೊಲದ ಕಾಗದ ಕೇಳತಾರ. ಅದರಾಗ ನಿಮ್ಮ ಹೆಸರೂ ಐತಿ. ನೀವು ಸಹಿ ಹಾಕಿದ್ರ ಕೆಲಸ ಆಗತೈತಿ” ಎಂದನು. ತಮ್ಮನು ಬಾಗಿಲಲ್ಲಿ ನಿಂತಿದ್ದವನು ಒಂದು ಮಾತನ್ನೂ ಆಡಲಿಲ್ಲ. ನಾವೂ ಅಂದು ಉತ್ತರ ಕೊಡಲಿಲ್ಲ. ದೊಡ್ಡ ಕಂಪನಿಗಳ ನಡುವೆ ಸಣ್ಣವನು ತಲೆಯೆತ್ತಬಲ್ಲನೇ ಎಂಬ ಪ್ರಶ್ನೆಯು ಪತ್ರಿಕೆಗಳಲ್ಲಿ ಓದುವಾಗ ಒಂದು ಬಗೆ. ನಾಲ್ಕು ಎಕರೆ ಹೊಲದ ಮೇಲೆ ಬಂದು ನಿಂತಾಗ ಮತ್ತೊಂದು ಬಗೆ.

ನಮ್ಮ ಅಜ್ಜನ ಕಾಲಕ್ಕೆ ಗಾಣವನ್ನು ಎತ್ತು ಸುತ್ತುತ್ತಿತ್ತು; ಅಪ್ಪನವರ ಕಾಲಕ್ಕೆ ಮೋಟಾರು ಬಂದಿತು. ರೈತರು ತಮ್ಮ ಹೊಲದ ಶೇಂಗಾ, ಕುಸುಬಿಗಳನ್ನು ತಾವೇ ತಂದು, ಹಿಂಡಿಸಿಕೊಂಡು, ಎಣ್ಣೆಯನ್ನೂ ಹಿಂಡಿಯನ್ನೂ ಒಯ್ಯುತ್ತಿದ್ದರು. ಕೂಲಿಯನ್ನು ಕೆಲವರು ರೊಕ್ಕದಲ್ಲಿ, ಕೆಲವರು ಕಾಳಿನಲ್ಲಿ, ಇನ್ನು ಕೆಲವರು ಬರುವ ಸುಗ್ಗಿಯ ಮಾತಿನಲ್ಲಿ ಸಲ್ಲಿಸುತ್ತಿದ್ದರು. ಶರಣರಲ್ಲಿ ಗಾಣದ ಕಣ್ಣಪ್ಪನವರಿದ್ದರೆಂಬುದನ್ನು ಅಪ್ಪನವರು ಅಭಿಮಾನದಿಂದ ನೆನೆಯುತ್ತಿದ್ದರು. ಮುಂಜಾನೆ ಲಿಂಗಪೂಜೆ ಮುಗಿಯದೆ ಮೋಟಾರಿನ ಗುಂಡಿಯನ್ನು ಮುಟ್ಟಿದವರಲ್ಲ.

“ಕಂಪನಿ ಬಂತು, ಗಾಣ ಹೋತು” ಎಂದು ಊರಲ್ಲಿ ಹೇಳುತ್ತಾರೆ. ಅದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ನೂರು ಕಿಲೋ ಶೇಂಗಾ ಬೀಜದಲ್ಲಿ 45ರಿಂದ 50 ಕಿಲೋ ಎಣ್ಣೆಯಿರುತ್ತದೆ. ಗಾಣಕ್ಕೆ ಬರುವುದು ಹೆಚ್ಚೆಂದರೆ 40 ಕಿಲೋ. ಉಳಿದದ್ದು ಹಿಂಡಿಯಲ್ಲಿ ನಿಲ್ಲುತ್ತದೆ. ದೊಡ್ಡ ಕಾರಖಾನೆಗಳಾದರೋ ಹಿಂಡಿಯನ್ನು ಹೆಕ್ಸೇನ್ ಎಂಬ ದ್ರಾವಕದಲ್ಲಿ ತೊಳೆದು, ನೂರಕ್ಕೆ ಒಂದು ಪಾಲೂ ಉಳಿಯದಂತೆ ಎಣ್ಣೆಯನ್ನು ತೆಗೆಯುತ್ತವೆ. ವ್ಯಾಪಾರಿಗಳು ಲಾರಿ ತಂದು ನಮ್ಮ ಹಿಂಡಿಯನ್ನೇ ಕೊಂಡೊಯ್ದದ್ದು ಇದಕ್ಕಾಗಿ. ನಮ್ಮ ಗಾಣದಿಂದ ಹೊರಬಿದ್ದ ಹಿಂಡಿಯಿಂದಲೇ ನಮ್ಮ ಎದುರಾಳಿಯ ಎಣ್ಣೆ ಸಿದ್ಧವಾಗುತ್ತಿತ್ತು! ಇದನ್ನು ಅನ್ಯಾಯವೆನ್ನಲು ನಮಗೆ ಬಾಯಿ ಬಾರದು. ಅದು ಅವರ ಜಾಣ್ಮೆ.

ಆದರೆ ಮುಂದಿನದು ಬರಿಯ ಜಾಣ್ಮೆಯ ಮಾತಲ್ಲ. 1994ರಲ್ಲಿ ಸರಕಾರವು ಪಾಮೋಲಿನ್ ಎಣ್ಣೆಯ ಆಮದನ್ನು ಖಾಸಗಿಯವರಿಗೆ ಮುಕ್ತಗೊಳಿಸಿತು. ಮೊದಲು ಶೇಕಡಾ 65ರಷ್ಟಿದ್ದ ಸುಂಕವು 1998ರ ವೇಳೆಗೆ ಶೇಕಡಾ 15ಕ್ಕೆ ಇಳಿಯಿತು. ಮಲೇಶಿಯಾ, ಇಂಡೋನೇಶಿಯಾಗಳ ತಾಳೆ ಎಣ್ಣೆಯು ಹಡಗಿನಲ್ಲಿ ಬಂದು, ಶೇಂಗಾ ಎಣ್ಣೆಗಿಂತ ಅಗ್ಗವಾಗಿ ಊರೂರಿನ ಅಂಗಡಿಗಳನ್ನು ಸೇರಿತು. ಬಡವರ ಒಲೆಗೆ ಅದು ಆಸರೆಯಾದುದನ್ನು ಅಲ್ಲಗಳೆಯಲಾಗದು. ಆದರೆ ಹಡಗು ತರಿಸುವ ಶಕ್ತಿ ಯಾರಿಗಿತ್ತು? ಹತ್ತಿಮತ್ತೂರಿನ ಗಾಣದವನಿಗಂತೂ ಇರಲಿಲ್ಲ.

ಅದೇ 1998ರ ಆಗಸ್ಟಿನಲ್ಲಿ ದಿಲ್ಲಿಯಲ್ಲಿ ಕಲಬೆರಕೆಯ ಸಾಸಿವೆ ಎಣ್ಣೆಯನ್ನು ತಿಂದು ಅರವತ್ತಕ್ಕೂ ಹೆಚ್ಚು ಜನ ಸತ್ತರು. ಸರಕಾರವು ಆ ವರ್ಷವೇ ಆಜ್ಞೆ ಹೊರಡಿಸಿ, ಖಾದ್ಯ ತೈಲವನ್ನು ಬಿಡಿಯಾಗಿ ಮಾರಬಾರದು, ಪಾಕೀಟು ಮಾಡುವವರು ನೋಂದಣಿ ಮಾಡಿಸಬೇಕು, ಪರೀಕ್ಷೆಗೆ ಪ್ರಯೋಗಶಾಲೆಯ ಏರ್ಪಾಡಿರಬೇಕು ಎಂದು ವಿಧಿಸಿತು. ವಿನಾಯಿತಿ ಕೊಡುವ ಅಧಿಕಾರ ರಾಜ್ಯಗಳಿಗೆ ಇತ್ತಾದರೂ ಹೆದರಿಕೆ ಹಳ್ಳಿಯವರೆಗೆ ಬಂದಿತು. ಜನರ ಜೀವಕ್ಕೆ ಸಂಬಂಧಿಸಿದ ನಿಯಮವನ್ನು ನಾವು ಆಕ್ಷೇಪಿಸುವವರಲ್ಲ. ಪ್ರಯೋಗಶಾಲೆಯ ಖರ್ಚು ದಿನಕ್ಕೆ ನೂರು ಟನ್ ತೆಗೆಯುವವನಿಗೆ ಲಿಟರಿಗೆ ಪೈಸೆಯ ಲೆಕ್ಕ. ದಿನಕ್ಕೆ ನಾಲ್ಕು ಡಬ್ಬಿ ತೆಗೆಯುವವನಿಗೆ ಅದು ಮನೆ ಮಾರುವ ಲೆಕ್ಕ. ಕಾನೂನು ಇಬ್ಬರಿಗೂ ಒಂದೇ, ಅದರ ಭಾರ ಒಂದೇ ಅಲ್ಲ.

ಇವೆಲ್ಲವನ್ನೂ ಅಪ್ಪನವರು ಸಹಿಸಿದರು. ಅವರನ್ನು ನಿಜವಾಗಿ ನೋಯಿಸಿದ್ದು ಬೇರೆ. ಪೇಟೆಯಲ್ಲಿ ಬಹುಕಾಲದಿಂದ ನಮ್ಮ ಎಣ್ಣೆ ಇಟ್ಟು ಮಾರುತ್ತಿದ್ದ ಅಂಗಡಿಕಾರರೊಬ್ಬರು ಒಂದು ದಿನ ಡಬ್ಬಿಗಳನ್ನು ಹಿಂದಕ್ಕೆ ಕಳಿಸಿದರು. ಕೇಳಲು ಹೋದಾಗ, “ಯಜಮಾನರ, ತಪ್ಪು ತಿಳೀಬ್ಯಾಡ್ರಿ. ಕಂಪನಿಯ ಏಜೆಂಟ ಹೇಳ್ಯಾನ, ಬಿಡಿ ಎಣ್ಣೆ ಇಟ್ಟರ ಸ್ಕೀಮು ಬಂದ್, ಉದ್ರಿ ಬಂದ್ ಅಂತ. ನಾನೂ ಮಕ್ಕಳ ತಂದಿ” ಎಂದರಂತೆ. ಆ ಕಂಪನಿಯ ಹೆಸರನ್ನು ಇಲ್ಲಿ ಬರೆಯುವುದು ಬೇಡ. ಬೆಲೆಯಲ್ಲಿ ಸೋತರೆ ಅದು ವ್ಯಾಪಾರ; ಅಂಗಡಿಯ ಕಟ್ಟೆಯನ್ನೇ ಹತ್ತಲು ಬಿಡದಿದ್ದರೆ ಅದಕ್ಕೆ ಏನೆನ್ನಬೇಕು? ಇಂತಹ ಪ್ರಾಬಲ್ಯದ ದುರುಪಯೋಗವನ್ನು ತಡೆಯಲು 1969ರ ಏಕಸ್ವಾಮ್ಯ ಕಾಯಿದೆಯಿತ್ತು. ಅದರ ಬದಲಿಗೆ 2002ರ ಸ್ಪರ್ಧಾ ಕಾಯಿದೆ ಬಂದಿತು. ಇರಲಿ. ನಾಲ್ಕು ಡಬ್ಬಿ ಎಣ್ಣೆಗಾಗಿ ಹಳ್ಳಿಯ ಗಾಣದವನು ದಿಲ್ಲಿಯ ಆಯೋಗದ ಬಾಗಿಲು ತಟ್ಟುವುದುಂಟೇ?

ಸಣ್ಣವರಿಗೆ ರಕ್ಷಣೆಯೇ ಇರಲಿಲ್ಲವೆಂದು ತಿಳಿಯಬಾರದು. 1967ರಲ್ಲಿ 47 ವಸ್ತುಗಳನ್ನು ಸಣ್ಣ ಕೈಗಾರಿಕೆಗಳಿಗೆ ಮೀಸಲಿಟ್ಟ ಪಟ್ಟಿಯು ಮುಂದೆ ಎಂಟುನೂರನ್ನು ಮೀರಿ ಬೆಳೆಯಿತು. ಶೇಂಗಾ ಎಣ್ಣೆಯೂ ಆ ಪಟ್ಟಿಯಲ್ಲಿತ್ತು. ಆದರೆ ದ್ರಾವಕದಿಂದ ತೆಗೆದ ಎಣ್ಣೆ ಅದರಿಂದ ಹೊರಗೆ. ತಾಳೆ ಎಣ್ಣೆಯ ಮಾತೇ ಬೇರೆ. ಮುಂಬಾಗಿಲಿಗೆ ಅಗುಳಿ ಹಾಕಿ ಹಿತ್ತಿಲ ಬಾಗಿಲನ್ನು ತೆರೆದಿಟ್ಟಂತಾಯಿತು. ಉಪ್ಪಿನಕಾಯಿ, ಊದುಬತ್ತಿ, ಗಾಜಿನ ಬಳೆಗಳ ಜೊತೆಗೆ ಪಟ್ಟಿಯಲ್ಲಿ ಕೊನೆಗುಳಿದ 20 ವಸ್ತುಗಳಲ್ಲಿ ಶೇಂಗಾ ಎಣ್ಣೆಯೂ ಒಂದಾಗಿತ್ತು. 2015ರ ಏಪ್ರಿಲಿನಲ್ಲಿ ಅವುಗಳ ಮೀಸಲನ್ನೂ ತೆಗೆದರು. ಆ ಹೊತ್ತಿಗೆ ನಮ್ಮ ಗಾಣ ನಿಂತು ಎಷ್ಟೋ ವರ್ಷಗಳಾಗಿದ್ದವು.

ದೊಡ್ಡವರನ್ನು ಮಣಿಸಿದ ಸಣ್ಣವರೂ ಉಂಟು. 1969ರಲ್ಲಿ ಅಹಮದಾಬಾದಿನ ಕರ್ಸನ್‌ಭಾಯಿ ಪಟೇಲರು ಮನೆಯಲ್ಲೇ ಸಾಬೂನಿನ ಪುಡಿ ತಯಾರಿಸಿ, ಸೈಕಲ್ಲಿನ ಮೇಲೆ ಮಾರತೊಡಗಿದರು. ಅವರ ನಿರ್ಮಾ ಪುಡಿಯು ಹಿಂದುಸ್ತಾನ್ ಲಿವರಿನಂತಹ ಕಂಪನಿಯ ಸರ್ಫನ್ನೇ ಅಲುಗಾಡಿಸಿತು. ಈ ಉದಾಹರಣೆಯನ್ನು ತಮ್ಮನ ಮಗನೇ ನಮಗೆ ಕೊಟ್ಟನು. ನಿರ್ಮಾ ಗೆದ್ದ ಮೇಲೆ ತಾನೂ ದೊಡ್ಡ ಕಂಪನಿಯಾಯಿತಲ್ಲಪ್ಪಾ, ಆ ಬಳಿಕ ಊರೂರಿನ ಸಾಬೂನಿನವರ ಗತಿ ಏನಾಯಿತು ಎಂದು ಕೇಳಿದೆವು. ನಕ್ಕನು.

ಇನ್ನೊಂದು ಮಾತನ್ನು ಹೇಳದೆ ಹೋದರೆ ಬರೆದದ್ದೆಲ್ಲ ಸುಳ್ಳಾದೀತು. ಅಪ್ಪನವರ ಗಾಣ ಕುಂಟುತ್ತಿದ್ದ ಕಾಲಕ್ಕೆ ನಾವು ಹುಬ್ಬಳ್ಳಿಯಲ್ಲಿ ನೌಕರಿಯಲ್ಲಿದ್ದೆವು. ಮನೆಗೆ ಪಾಕೀಟಿನ ಎಣ್ಣೆಯನ್ನೇ ತರುತ್ತಿದ್ದೆವು. ಬಣ್ಣ ತಿಳಿ, ವಾಸನೆಯಿಲ್ಲ, ಹೃದಯಕ್ಕೆ ಹಿತವೆಂದು ಮೇಲೆ ಅಚ್ಚು ಬೇರೆ. ಒಮ್ಮೆ ಅಪ್ಪನವರು ಹೇಳದೆ ಬಂದರು. ಕೈಯಲ್ಲಿ ಐದು ಕಿಲೋ ಎಣ್ಣೆಯ ಡಬ್ಬಿ. ಅಡುಗೆಮನೆಯಲ್ಲಿ ಪಾಕೀಟನ್ನು ಕಂಡರು. ಏನೂ ಅನ್ನಲಿಲ್ಲ. ಮುಂದಿನ ಸಲ ಬರುವಾಗ ಡಬ್ಬಿ ತರಲಿಲ್ಲ. ಅವರು ಲಿಂಗೈಕ್ಯರಾಗಿ ಹಲವು ವರ್ಷಗಳಾದರೂ ಆ ಬರಿಗೈ ನಮ್ಮ ಕಣ್ಣಿಗೆ ಕಟ್ಟಿದೆ. ಗಾಣವನ್ನು ನಿಲ್ಲಿಸಿದವರ ಯಾದಿಯಲ್ಲಿ ಮಗನ ಹೆಸರನ್ನು ಬಿಡುವಂತಿಲ್ಲ.

ಈಗ ಕಾಲ ಒಂದು ಸುತ್ತು ಬಂದಿದೆ. ಪಟ್ಟಣದವರು ಮರದ ಗಾಣದ ಎಣ್ಣೆಯನ್ನು ಹೆಚ್ಚಿನ ಬೆಲೆ ತೆತ್ತು ಕೊಳ್ಳುತ್ತಾರೆ. ತಮ್ಮನ ಮಗನ ಧೈರ್ಯಕ್ಕೆ ಇದೇ ಬುನಾದಿ. ಆದರೆ ದೊಡ್ಡ ಕಂಪನಿಗಳೂ ಅದೇ ಮಾದರಿಯ ಎಣ್ಣೆಯ ಬಾಟಲಿಗಳನ್ನು ತಂದಿವೆ. ಸುಂಕವೂ ನಿಂತ ನೀರಲ್ಲ. ಕಚ್ಚಾ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆಗಳ ಮೂಲ ಸುಂಕವನ್ನು 2024ರ ಸೆಪ್ಟೆಂಬರಿನಲ್ಲಿ ಶೇಕಡಾ 20ಕ್ಕೆ ಏರಿಸಿದರು. 2025ರ ಮೇ ಕೊನೆಗೆ 10ಕ್ಕೆ ಇಳಿಸಿದರು. ಊರಲ್ಲಿ ಶೇಂಗಾ ಬಿತ್ತುವವರೂ ಕಡಿಮೆ, ಹೊಲಗಳೆಲ್ಲ ಗೋವಿನಜೋಳ. ಸುಗ್ಗಿಯಲ್ಲಿ ಬೀಜ ಕೊಂಡಿಡಲು ಕೈಯಲ್ಲಿ ರೊಕ್ಕ ಬೇಕು. ಅಪ್ಪನವರಿಗೂ ಕಡೆಗಾಲದಲ್ಲಿ ಸಾಲದೆ ಬಂದದ್ದು ಅದೇ.

ಎರಡು ತಿಂಗಳು ಯೋಚಿಸಿ ಸಹಿ ಹಾಕಿದೆವು. ಇಡೀ ಹೊಲದ ಮೇಲಲ್ಲ, ಎರಡು ಎಕರೆಯ ಮೇಲೆ ಮಾತ್ರ. ಗಾಣವೂ ಸದ್ಯಕ್ಕೆ ಒಂದೇ. ಶೇಂಗಾ ಬೆಳೆಯುವ ಆರು ಮನೆಗಳೊಡನೆ ಮೊದಲೇ ಮಾತಾಗಬೇಕು, ಪೇಟೆಯ ಒಂದೇ ಅಂಗಡಿಯನ್ನು ನೆಚ್ಚಿ ಕೂಡಬಾರದು ಎಂದು ಹೇಳಿದೆವು. ಅವನು ತಲೆಯಾಡಿಸಿದನು. ಎಷ್ಟು ಕೇಳಿಸಿಕೊಂಡನೋ!

ಹೋದ ವಾರ ಮೊದಲ ಡಬ್ಬಿ ಹುಬ್ಬಳ್ಳಿಗೆ ಬಂದಿತು. ನಮ್ಮ ಮನೆಯವರು ಶೇಂಗಾ ಚಟ್ನಿಪುಡಿಗೆ ಹಸಿ ಎಣ್ಣೆ ಹಾಕಿ ರೊಟ್ಟಿಯ ಜೊತೆಗೆ ಬಡಿಸಿದರು. ಬಹು ವರ್ಷಗಳ ಮೇಲೆ ಆ ವಾಸನೆ ಮನೆಯನ್ನು ತುಂಬಿತು. ಊಟವಾದ ಬಳಿಕ ಅವರು ಲಿಟರಿಗೆ ಎಷ್ಟೆಂದು ಕೇಳಿದರು, ಹೇಳಿದೆವು. ತುಸು ಹೊತ್ತು ಸುಮ್ಮನಿದ್ದು, “ಚಟ್ನಿಗೆ, ಒಗ್ಗರಣೆಗೆ ಇದಿರಲಿ, ಕರಿಯೂದಕ್ಕ ಪಾಕೀಟಿಂದ ತರ್ರಿ” ಎಂದು ಡಬ್ಬಿಯನ್ನು ನಾಗಂದಿಗೆಯ ಮೇಲೆ ಎತ್ತಿಟ್ಟರು. ತಮ್ಮನ ಮಗನಿಗೆ ಇದನ್ನು ನಾವಿನ್ನೂ ತಿಳಿಸಿಲ್ಲ.