ಪೆಟ್ಟಿಗೆ ತೆರೆಯುವ ಮುನ್ನ

ನಿಮ್ಮ ಮನೆಯ ಅಟ್ಟದ ಮೇಲೆಯೂ ಒಂದು ಹಳೆಯ ನೀಡೋ ಡಬ್ಬಿ ಇದ್ದೀತು. ಅದರಲ್ಲಿದ್ದ ಹಾಲಿನ ಪುಡಿ ಮುಗಿದು ದಶಕಗಳೇ ಕಳೆದಿರಬಹುದು. ಈಗ ಅದರೊಳಗೆ ಉದ್ದಿನಬೇಳೆಯೋ ಸೂಜಿ-ದಾರಗಳೋ ವಾಸವಾಗಿರಬಹುದು. ಆದರೂ ಅದನ್ನು ತಂದವರು ಯಾರು, ಯಾವ ವರ್ಷ ತಂದರು ಎಂಬುದು ಮನೆಮಂದಿಗೆಲ್ಲ ಬಾಯಿಪಾಠ. ಪರದೇಶದಿಂದ ಬಂದ ವಸ್ತುವಿಗೆ ನಮ್ಮ ಮನೆಗಳಲ್ಲಿ ಆಯುಷ್ಯ ಹೆಚ್ಚು.

ನಾನು ಬೆಳೆದದ್ದು ಬೆಂಗಳೂರಿನ ಮಾವಳ್ಳಿಯಲ್ಲಿ, ಲಾಲ್‌ಬಾಗ್‌ಗೆ ಸಮೀಪದ ಒಂದು ವಠಾರದಲ್ಲಿ. ನನ್ನ ಸೋದರತ್ತೆ ಕುವೈತಿನ ಆಸ್ಪತ್ರೆಯೊಂದರಲ್ಲಿ ದಾದಿಯಾಗಿದ್ದರು. ಎರಡು ವರ್ಷಕ್ಕೊಮ್ಮೆ ಅವರು ಊರಿಗೆ ಬಂದರೆ ನಮ್ಮ ಪಾಲಿಗೆ ಅದು ಕ್ರಿಸ್ಮಸ್ಸಿಗಿಂತ ದೊಡ್ಡ ಹಬ್ಬ. ಎರಡು ಸೂಟ್‌ಕೇಸುಗಳನ್ನು ನಡುಮನೆಯಲ್ಲಿ ಇಟ್ಟು ಹಗ್ಗ ಬಿಚ್ಚಿದೊಡನೆ ಮನೆಯೆಲ್ಲ ಬೇರೊಂದು ಪರಿಮಳದಿಂದ ತುಂಬಿಕೊಳ್ಳುತ್ತಿತ್ತು. ಟ್ಯಾಂಗ್ ಪುಡಿಯ ಡಬ್ಬಿ, ತಗಡಿನ ಡಬ್ಬಿಯಲ್ಲಿನ ಕ್ರಾಫ್ಟ್ ಚೀಸ್, ಖರ್ಜೂರ, ಯಾರ್ಡ್ಲಿ ಪೌಡರ್, ಟೈಗರ್ ಬಾಮ್, ನೈಲಾನ್ ಸೀರೆಗಳು ಒಂದೊಂದಾಗಿ ಹೊರಬರುತ್ತಿದ್ದವು. ಅಮ್ಮ ಟ್ಯಾಂಗ್ ಪುಡಿಯನ್ನು ಚಮಚದಲ್ಲಿ ಎಣಿಸಿ ಕೊಡುತ್ತಿದ್ದರು. ಪೌಡರನ್ನು ಕಪಾಟಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ವಠಾರದ ಆರು ಮನೆಗಳಿಗೂ ಖರ್ಜೂರದ ಪಾಲು ತಪ್ಪುತ್ತಿರಲಿಲ್ಲ.

ಇಂದಿನ ಮಕ್ಕಳಿಗೆ ಇದು ವಿಚಿತ್ರವಾಗಿ ಕಾಣಬಹುದು. ಆದರೆ ಆ ದಿನಗಳಲ್ಲಿ ವಿದೇಶಿ ಗ್ರಾಹಕ ವಸ್ತುಗಳ ಆಮದಿಗೆ ಬಿಗಿಯಾದ ನಿರ್ಬಂಧವಿತ್ತು. 1991ರಲ್ಲಿ ಆರ್ಥಿಕ ನೀತಿ ಬದಲಾಗಿ, 2001ರ ಏಪ್ರಿಲ್‌ನಲ್ಲಿ ಆಮದಿನ ಮೇಲಿದ್ದ ಪ್ರಮಾಣದ ಮಿತಿಗಳು ತೆಗೆದುಹೋಗುವವರೆಗೆ ಇಂಥ ಸಾಮಾನುಗಳು ಬೀದಿ ಬದಿಯ ಅಂಗಡಿಗೆ ಸುಲಭವಾಗಿ ಬರುತ್ತಿರಲಿಲ್ಲ. ಬಂದರೆ ಬಂಧುಗಳ ಪೆಟ್ಟಿಗೆಯಲ್ಲಿ ಬರಬೇಕಿತ್ತು.

ಅತ್ತೆ ಮರಳಿ ಹೊರಟಾಗ ಅದೇ ಪೆಟ್ಟಿಗೆಗಳು ಮಾವಳ್ಳಿಯ ಸಾಮಾನಿನಿಂದ ತುಂಬುತ್ತಿದ್ದವು. ಅಮ್ಮನ ಸಾರಿನ ಪುಡಿ, ಬಾಳಕದ ಮೆಣಸಿನಕಾಯಿ, ಮಾವಿನ ಉಪ್ಪಿನಕಾಯಿ, ಜೊತೆಗೆ ಎಂ.ಟಿ.ಆರ್. ರವೆ ಇಡ್ಲಿಯ ಮಿಶ್ರಣದ ಪೊಟ್ಟಣಗಳು. ಎಂ.ಟಿ.ಆರ್. ಎಂದರೆ ಮಾವಳ್ಳಿ ಟಿಫಿನ್ ರೂಮ್ಸ್. ನಮ್ಮ ಊರಿನ ಹೆಸರನ್ನೇ ಹೊತ್ತ ಹೋಟೆಲು. ಉಡುಪಿಯ ಕಡೆಯ ಪರಂಪಳ್ಳಿಯಿಂದ ಬಂದ ಯಜ್ಞನಾರಾಯಣ ಮಯ್ಯರು ಸೋದರರೊಡನೆ 1924ರಲ್ಲಿ ಆರಂಭಿಸಿದ ಈ ಉಪಾಹಾರ ಗೃಹ 1960ರಲ್ಲಿ ಈಗಿನ ಕಟ್ಟಡಕ್ಕೆ ಬಂದು ಈ ಹೆಸರನ್ನು ಪಡೆಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಅಭಾವ ಬಂದಾಗ ಇಲ್ಲಿ ರವೆಯಿಂದ ಇಡ್ಲಿ ಮಾಡಿದರು. 1975ರ ತುರ್ತುಪರಿಸ್ಥಿತಿಯಲ್ಲಿ ತಿಂಡಿಯ ದರವನ್ನು ಸರ್ಕಾರವೇ ತೀರಾ ಕಡಿಮೆಗೆ ಗೊತ್ತುಮಾಡಿದ್ದರಿಂದ ಹೋಟೆಲು ನಡೆಸುವುದು ಕಷ್ಟವಾದಾಗ, ಸಿದ್ಧ ಮಿಶ್ರಣ ಮತ್ತು ಪುಡಿಗಳ ಮಾರಾಟವೇ ಆಸರೆಯಾಯಿತು. ಕೊರತೆಯಿಂದ ಹುಟ್ಟಿದ ಆ ಪೊಟ್ಟಣಗಳೇ ಮುಂದೆ ಕಡಲಾಚೆಯ ಕನ್ನಡಿಗರ ಅಡುಗೆಮನೆಗಳನ್ನು ಸೇರಿದವು. ಪುಡಿ-ಮಿಶ್ರಣಗಳನ್ನು ತಯಾರಿಸುವ ಕಂಪನಿಯನ್ನು 2007ರಲ್ಲಿ ನಾರ್ವೆ ದೇಶದ ಓರ್ಕ್ಲಾ ಸಂಸ್ಥೆ ಕೊಂಡುಕೊಂಡಿತು. ಹೋಟೆಲು ಮಾತ್ರ ಮಯ್ಯರ ಮನೆತನದಲ್ಲೇ ಉಳಿಯಿತು.

ಯಜ್ಞನಾರಾಯಣ ಮಯ್ಯರೂ ಒಮ್ಮೆ ಪರದೇಶ ಪ್ರಯಾಣ ಮಾಡಿದವರು. 1951ರಲ್ಲಿ ಅವರು ಯೂರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳು ನಡೆಯುವ ಬಗೆಯನ್ನು ಕಂಡು ಬಂದರು. ಅವರ ಮನಸ್ಸನ್ನು ಸೆಳೆದದ್ದು ಅಲ್ಲಿನ ಶುಚಿತ್ವ. ಹಿಂದಿರುಗಿದ ಮೇಲೆ ಲೋಟ, ತಟ್ಟೆ, ಚಮಚಗಳನ್ನು ಹಬೆಯಲ್ಲಿ ಶುದ್ಧಗೊಳಿಸುವ ಕ್ರಮವನ್ನು ಮಾವಳ್ಳಿಯಲ್ಲಿ ಜಾರಿಗೆ ತಂದರು. ಸುಂಕದವರು ಎಷ್ಟು ಹುಡುಕಿದರೂ ಕೈಗೆ ಸಿಗದ ಸಾಮಾನು ಅದು! ಆದರೆ ಆ ಹೋಟೆಲಿಗೆ ಹೋದವರೆಲ್ಲರಿಗೂ ಅದರಲ್ಲಿ ಪಾಲು ಸಿಕ್ಕಿತು.

ನಾವು ನಮ್ಮದೇ ಎಂದುಕೊಂಡಿರುವ ಎಷ್ಟೋ ವಸ್ತುಗಳು ಹೀಗೆ ಯಾರದೋ ಗಂಟಿನಲ್ಲಿ ಬಂದವುಗಳೇ. ಬಾಬಾಬುಡನ್ ಅವರು ಯೆಮೆನ್‌ನಿಂದ ಏಳು ಕಾಫಿ ಬೀಜಗಳನ್ನು ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ನೆಟ್ಟರೆಂಬ ಪ್ರತೀತಿ ಇದೆ. ಮೆಣಸಿನಕಾಯಿಯೂ ಗೋಡಂಬಿಯೂ ಪೋರ್ಚುಗೀಸರೊಡನೆ ಅಮೆರಿಕ ಖಂಡದಿಂದ ಬಂದವು. ನಮ್ಮ ಭಾಷೆ ಕೆಲವಕ್ಕೆ 'ಸೀಮೆ' ಎಂಬ ಮುದ್ರೆ ಒತ್ತಿ ಒಳಗೆ ಬಿಟ್ಟುಕೊಂಡಿತು: ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆ. ತಮಾಷೆ ನೋಡಿ, ನಾವು ಪರಸೀಮೆಯದೆಂದು ಕರೆಯುವ ಆ ಸೀಮೆಬದನೆಯನ್ನೇ ನೆರೆಯ ತಮಿಳರೂ ತೆಲುಗರೂ 'ಬೆಂಗಳೂರು ಬದನೆ' ಎನ್ನುತ್ತಾರೆ. ಒಬ್ಬರ ಮನೆಗೆ ಬಂದ ಅತಿಥಿ ಇನ್ನೊಬ್ಬರ ಕಣ್ಣಿಗೆ ಆ ಮನೆಯ ಮಗಳಾಗಿ ಕಾಣುವುದು ಹೀಗೆಯೇ.

ಇಷ್ಟನ್ನು ಹೇಳಿದ ಮೇಲೆ, ನಾನು ಹೇಳಲು ಹಿಂಜರಿಯುತ್ತಿರುವ ಮಾತನ್ನೂ ಹೇಳಿಬಿಡುತ್ತೇನೆ.

1990ರ ಆಗಸ್ಟ್ 2ರಂದು ಇರಾಕಿನ ಸೈನ್ಯ ಕುವೈತನ್ನು ಆಕ್ರಮಿಸಿತು. ನನಗಾಗ ಹತ್ತು ವರ್ಷ. ವಾರಗಟ್ಟಲೆ ಅತ್ತೆಯಿಂದ ಪತ್ರವಿಲ್ಲ, ದೂರವಾಣಿಯಿಲ್ಲ. ಪ್ರತಿ ಸಂಜೆ ಮನೆಯಲ್ಲಿ ಜಪಸರ ಮುಗಿದ ಮೇಲೆ ಅಪ್ಪ ರೇಡಿಯೋದ ಮುಂದೆ ಕುಳಿತರೆ ಏಳುತ್ತಿರಲಿಲ್ಲ. ಕುವೈತಿನಲ್ಲಿದ್ದ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರು ಬಸ್ಸುಗಳಲ್ಲಿ ಇರಾಕನ್ನು ದಾಟಿ, ಜೋರ್ಡಾನ್ ಗಡಿಯ ಮರಳುಗಾಡಿನ ಡೇರೆಗಳಲ್ಲಿ ಕಾದು, ಅಮ್ಮಾನ್ ನಗರದಿಂದ ಏರ್ ಇಂಡಿಯಾ ವಿಮಾನಗಳಲ್ಲಿ ತಾಯ್ನಾಡಿಗೆ ಮರಳಿದರು. ಸೆಪ್ಟೆಂಬರ್ ಕೊನೆಯ ಒಂದು ಬೆಳಿಗ್ಗೆ, ಮುಂಬಯಿಯಿಂದ ರೈಲಿನಲ್ಲಿ ಬಂದ ಅತ್ತೆ ನಮ್ಮ ವಠಾರದ ಬಾಗಿಲಲ್ಲಿ ನಿಂತಿದ್ದರು. ಮುಖ ಕಪ್ಪಿಟ್ಟಿತ್ತು, ಕಾಲು ಊದಿತ್ತು. ಹೆಗಲಲ್ಲಿ ಒಂದೇ ಒಂದು ಬಟ್ಟೆಯ ಚೀಲ.

ನಾನು ಓಡಿಹೋದೆ. ಅವರನ್ನು ತಬ್ಬಿಕೊಳ್ಳಲಲ್ಲ, ಚೀಲವನ್ನು ಬಿಚ್ಚಲು. ಅದರಲ್ಲಿ ಒಂದು ಜೊತೆ ಬಟ್ಟೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕಾಗದಪತ್ರಗಳು, ಜಜ್ಜಿ ಹೋದ ಅರ್ಧ ಪೊಟ್ಟಣ ಬಿಸ್ಕತ್ತು ಇದ್ದವು. "ಇಷ್ಟೇನಾ ತಂದಿದ್ದು?" ಎಂದು ನಾನು ಕೇಳಿದೆ. ಅಪ್ಪನ ಕೈ ಮೇಲೆದ್ದಿತು. ಅತ್ತೆ ಅದನ್ನು ತಡೆದು, "ಹೌದು ಮಗು, ಈ ಸಲ ಇಷ್ಟೇ" ಎಂದರು.

ಆ ಬಿಸ್ಕತ್ತಿನ ಕಥೆ ನನಗೆ ತಿಳಿದದ್ದು ಬಹಳ ತಡವಾಗಿ. ಗಡಿಯ ಡೇರೆಯಲ್ಲಿ ಯಾರೋ ಹಂಚಿದ ಪೊಟ್ಟಣ ಅದು. ಹಸಿವೆಯಲ್ಲಿ ಅರ್ಧವನ್ನು ತಿಂದು, ಮಕ್ಕಳಿರುವ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು ಉಳಿದರ್ಧವನ್ನು ಅವರು ಮಾವಳ್ಳಿಯವರೆಗೆ ಕಾಪಾಡಿಕೊಂಡು ಬಂದಿದ್ದರು. ಎಂಟು-ಹತ್ತು ವರ್ಷಗಳ ದುಡಿಮೆಯ ಗಂಟನ್ನೆಲ್ಲ ಬಿಟ್ಟು ಬಂದವರು, ಅದೊಂದನ್ನು ಬಿಟ್ಟಿರಲಿಲ್ಲ. ಅದರ ರುಚಿ ಹೇಗಿತ್ತೆಂದು ನನಗೆ ನೆನಪಿಲ್ಲ. ಬಹುಶಃ ನಾನು ತಿನ್ನಲೇ ಇಲ್ಲ.

ಮರುದಿನ ಏನು ಬೇಕೆಂದು ಅಪ್ಪ ಕೇಳಿದಾಗ ಅತ್ತೆ, "ರವೆ ಇಡ್ಲಿ, ಒಂದು ಲೋಟ ಕಾಫಿ" ಎಂದರು. ನಾವೆಲ್ಲರೂ ಎಂ.ಟಿ.ಆರ್.ಗೆ ನಡೆದುಹೋದೆವು. ಇಡ್ಲಿಯ ಮೇಲೆ ತುಪ್ಪ ಸುರಿದುಕೊಂಡು ಮೊದಲ ತುತ್ತು ಬಾಯಿಗಿಟ್ಟಾಗ ಅವರ ಕಣ್ಣು ತುಂಬಿ ಬಂತು. ಆಗಷ್ಟೇ ನಾನು ಅವರ ಮುಖವನ್ನು ಸರಿಯಾಗಿ ನೋಡಿದ್ದು.

ಅತ್ತೆ ಮತ್ತೆ ಕುವೈತಿಗೆ ಹೋದರು, ನಿವೃತ್ತರಾಗುವವರೆಗೆ ದುಡಿದರು. ಪೆಟ್ಟಿಗೆಗಳು ಮತ್ತೆ ತುಂಬಿ ಬಂದವು. ಈಗ ಅವರು ನಮ್ಮೊಡನೆಯೇ ಇದ್ದಾರೆ. ಕಳೆದ ಕ್ರಿಸ್ಮಸ್ಸಿಗೆ ಜರ್ಮನಿಯಿಂದ ನನ್ನ ತಮ್ಮ ಬಂದಾಗ ನನ್ನ ಮಗ ಓಡಿಹೋಗಿ ಸೂಟ್‌ಕೇಸಿನ ಹಿಡಿಗೇ ಕೈಹಾಕಿದ. ಅವನು ಬಯಸುವ ಚಾಕೊಲೇಟು ನಮ್ಮ ಬೀದಿಯ ಅಂಗಡಿಯಲ್ಲೇ ಸಿಗುತ್ತದೆ. ಆದರೂ ಪೆಟ್ಟಿಗೆಯ ಸೆಳೆತ ತಪ್ಪಿಲ್ಲ. ನಾನು ಗದರಲು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ ಕುಳಿತಲ್ಲಿಂದಲೇ ಅವನನ್ನು ಕರೆದು, "ಬಂದವರಿಗೆ ಮೊದಲು ಕುಡಿಯಲು ನೀರು ಕೊಡು ಮಗು. ಪೆಟ್ಟಿಗೆ ಎಲ್ಲಿಗೂ ಓಡಿಹೋಗುವುದಿಲ್ಲ" ಎಂದರು.

ಓದುಗರೇ, ನಿಮ್ಮ ಮನೆಗೂ ಈ ವರ್ಷ ಯಾರಾದರೂ ದೂರದಿಂದ ಬರುತ್ತಿರಬಹುದು. ತುಂಬಿದ ಪೆಟ್ಟಿಗೆಯೊಡನೆ ಬರಬಹುದು, ಕೆಲಸ ಕಳೆದುಕೊಂಡು ಬರಿಗೈಯಲ್ಲೂ ಬರಬಹುದು. ಬಾಗಿಲಲ್ಲಿ ನಿಂತವರಿಗೆ ಒಂದು ಲೋಟ ನೀರು ಕೊಡಿ. ಅದನ್ನು ಅವರು ಕುಡಿಯುವಷ್ಟು ಹೊತ್ತು ಅವರ ಮುಖವನ್ನು ನೋಡಿ.

ನನ್ನ ಮಗ ನೀರು ತಂದು ಕೊಟ್ಟ. ಅತ್ತೆ ನನ್ನತ್ತ ತಿರುಗಿ ನಸುನಕ್ಕರು. ಆ ಪ್ರಶ್ನೆಯನ್ನು ಅವರು ಮರೆತಿದ್ದಾರೆಯೇ ಇಲ್ಲವೇ ಎಂದು ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.